‘ಬರೇ ಶಾಕ್ ಆಗೇದ್ರಿ ಸರ’

ರಾತ್ರಿ ಹನ್ನೊಂದು ಗಂಟೆ. ಕ್ಲಿನಿಕ್ಕಿನ ಶಟರ್ ಅರ್ಧ ಎಳೆದಿದ್ದೆ. ಊಟ ತಲುಪಿಸುವ ಹುಡುಗನೊಬ್ಬ ಬೈಕಿನ ಎಂಜಿನ್ ಕೂಡ ಆರಿಸದೆ ಒಳಗೆ ನುಗ್ಗಿದ. ಅವನ ಬೆನ್ನಿಗೇ ಎದುರಿನ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನು, ತೋಳಲ್ಲಿ ತನ್ನ ಜರ್ಕಿನ್ನಿನಲ್ಲೇ ಸುತ್ತಿಕೊಂಡ ಕಂದು ಬಣ್ಣದ ನಾಟಿ ನಾಯಿ. ವರ್ತೂರು ರಸ್ತೆಯಲ್ಲಿ ನೀರಿನ ಟ್ಯಾಂಕರ್ ಗುದ್ದಿಕೊಂಡು ಹೋಗಿತ್ತು. ‘ಗಾಯ ಏನೂ ಇಲ್ರಿ ಸರ, ಒಂದ್ ಹನಿ ರಕ್ತ ಬಿದ್ದಿಲ್ಲ. ಬರೇ ಶಾಕ್ ಆಗೇದ್ರಿ,’ ಅಂದ ಹುಡುಗ. ರಾಯಚೂರಿನ ಕಡೆಯವನು.

ಅವನು ಹೇಳಿದ್ದು ನಿಜ. ‘ಬರೇ’ ಅನ್ನುವ ಮಾತೊಂದು ಮಾತ್ರ ತಪ್ಪು.

ನಾಯಿ ಕೂಗಾಡಲಿಲ್ಲ, ಕಚ್ಚಲು ಬರಲಿಲ್ಲ. ಮೇಜಿನ ಮೇಲೆ ಮಲಗಿಸಿದಾಗ ಬಾಲ ಒಮ್ಮೆ ಅಲ್ಲಾಡಿಸಿತು. ಅದನ್ನು ಕಂಡು ಇಬ್ಬರ ಮುಖವೂ ಅರಳಿತು. ನಾನು ತುಟಿ ಎತ್ತಿ ನೋಡಿದೆ. ವಸಡು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಬೆರಳಿಂದ ಒತ್ತಿ ಬಿಟ್ಟೆ. ಹೋದ ಬಣ್ಣ ಮರಳಲು ನಾಲ್ಕು ಎಣಿಸಬೇಕಾಯಿತು. ಕಿವಿಯ ತುದಿ, ಪಾದಗಳು ತಣ್ಣಗಿದ್ದವು. ತೊಡೆಯ ಒಳಬದಿಯಲ್ಲಿ ನಾಡಿ ಹುಡುಕಿದರೆ ನೂಲಿನೆಳೆಯಂತೆ ಸಿಕ್ಕಿತು, ನಿಮಿಷಕ್ಕೆ 180ರ ಮೇಲೆ. ಹೊಟ್ಟೆ ಕೊಂಚ ತುಂಬಿದಂತಿತ್ತು. ಸೂಜಿ ಹಾಕಿ ಎಳೆದರೆ ಸಿರಿಂಜಿಗೆ ಬಂದದ್ದು ರಕ್ತ. ರಸ್ತೆಗೆ ಒಂದು ಹನಿಯೂ ಬೀಳದೆ ಎಲ್ಲವೂ ಒಳಗೇ ಬಿದ್ದಿತ್ತು. ಗುಲ್ಮ (ಸ್ಪ್ಲೀನ್) ಸೀಳಿರಬೇಕು ಅಂದುಕೊಂಡೆ. ಆಮೇಲೆ ಹೊಟ್ಟೆ ತೆರೆದಾಗ ಅದೇ ಆಗಿತ್ತು.

ನಮ್ಮ ಮಾತಿನಲ್ಲಿ ಶಾಕ್ ಅಂದರೆ ಕರೆಂಟು ಹೊಡೆದದ್ದು, ಇಲ್ಲವೇ ಕೆಟ್ಟ ಸುದ್ದಿ ಕೇಳಿ ದಂಗಾದದ್ದು. ಒಂದು ಲೋಟ ನೀರು ಕುಡಿಸಿ, ಬೆನ್ನು ಸವರಿದರೆ ಇಳಿಯುವಂಥದ್ದು. ವೈದ್ಯರ ಬಾಯಲ್ಲಿ ಬರುವ ಶಾಕ್‌ಗೆ ಭಯದ ಸಂಬಂಧವೇ ಇಲ್ಲ. ಮೈಯ ಜೀವಕೋಶಗಳಿಗೆ ರಕ್ತ ಸಾಕಷ್ಟು ತಲುಪುತ್ತಿಲ್ಲ, ಅದರಿಂದಾಗಿ ಆಮ್ಲಜನಕವೂ ತಲುಪುತ್ತಿಲ್ಲ. ಹೀಗೇ ಬಿಟ್ಟರೆ ಕರುಳು, ಮೂತ್ರಪಿಂಡ, ಲಿವರ್ ಒಂದೊಂದಾಗಿ ಕೈಕೊಡುತ್ತವೆ ಎಂದು ಅದರ ಅರ್ಥ. ಪಠ್ಯಪುಸ್ತಕದ ಕನ್ನಡದಲ್ಲಿ ಇದನ್ನು ‘ರಕ್ತಪರಿಚಲನಾ ಆಘಾತ’ ಎನ್ನುತ್ತಾರೆ. ಆ ಹೆಸರಿನಲ್ಲೂ ಆಘಾತವೇ ಕೂತಿರುವುದರಿಂದ ಗೊಂದಲ ಹಾಗೇ ಉಳಿದಿದೆ.

ವೈಟ್‌ಫೀಲ್ಡಿನವರಿಗೆ ಇದನ್ನು ತಿಳಿಸಲು ಪುಸ್ತಕ ಬೇಡ, ಅವರವರ ಅಪಾರ್ಟ್‌ಮೆಂಟಿನ ನೀರಿನ ಗೋಳು ಸಾಕು. ಹದಿನಾಲ್ಕನೇ ಮಹಡಿಯ ನಲ್ಲಿಯಲ್ಲಿ ನೀರಿಲ್ಲ ಎಂದಿಟ್ಟುಕೊಳ್ಳಿ. ಸಂಪ್ ಖಾಲಿಯಾಗಿರಬಹುದು: ರಕ್ತ ಸೋರಿದಾಗ, ವಾಂತಿ ಭೇದಿಯಲ್ಲಿ ನೀರು ಹೋದಾಗ ಆಗುವುದು ಇದು. ಮೋಟರ್ ಸುಟ್ಟಿರಬಹುದು: ಹೃದಯವೇ ಸೋತಿದೆ. ಎಲ್ಲ ಮಹಡಿಯವರೂ ಒಂದೇ ಹೊತ್ತಿಗೆ ನಲ್ಲಿ ತಿರುಗಿಸಿರಬಹುದು: ನಂಜು ಏರಿದಾಗ, ಅಲರ್ಜಿ ವಿಪರೀತವಾದಾಗ ಮೈಯ ರಕ್ತನಾಳಗಳೆಲ್ಲ ಸಡಿಲಗೊಂಡು ಒತ್ತಡ ಕುಸಿಯುತ್ತದೆ, ರಕ್ತ ಇದ್ದೂ ಇಲ್ಲದಂತೆ. ಇಲ್ಲವೇ ಪೈಪಿನ ಮೇಲೆ ಏನೋ ಕೂತು ಅಮುಕಿರಬಹುದು. ನಾಲ್ಕರಲ್ಲಿ ಯಾವುದು ಎಂದು ಗೊತ್ತಾಗದೆ ಟ್ಯಾಂಕರ್ ತರಿಸಿ ಸಂಪ್ ತುಂಬಿಸಿದರೆ ಏನು ಪ್ರಯೋಜನ? ಪ್ರಾಣಿಗಳ ಚಿಕಿತ್ಸೆಯಲ್ಲೂ ಕಷ್ಟ ಇರುವುದು ಇಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ನನ್ನದೊಂದು ತಪ್ಪಿನ ಕಥೆಯೂ ಇದೆ.

ಮೊದಲು ಆ ನಾಯಿ ಬಾಲ ಅಲ್ಲಾಡಿಸಿದ್ದು ಹೇಗೆ ಎಂಬುದನ್ನು ಹೇಳಬೇಕು. ರಕ್ತ ಕಡಿಮೆಯಾದ ಕೂಡಲೇ ಮೈ ಒಂದು ಲೆಕ್ಕಾಚಾರಕ್ಕೆ ಇಳಿಯುತ್ತದೆ. ಚರ್ಮ, ವಸಡು, ಕಾಲು, ಕರುಳಿಗೆ ಹೋಗುವ ನಾಳಗಳನ್ನು ಬಿಗಿದು, ಇದ್ದಷ್ಟು ರಕ್ತವನ್ನು ಮಿದುಳಿಗೂ ಹೃದಯಕ್ಕೂ ತಿರುಗಿಸುತ್ತದೆ. ಹೃದಯ ಓಡತೊಡಗುತ್ತದೆ. ನಾಯಿಗೆ ಇನ್ನೊಂದು ಅನುಕೂಲವೂ ಇದೆ. ಅದರ ಗುಲ್ಮ ಕೆಂಪು ರಕ್ತಕಣಗಳ ಉಗ್ರಾಣ. ಕಷ್ಟ ಬಂದಾಗ ಹಿಂಡಿಕೊಂಡು ಕಣಗಳನ್ನು ಹೊರಗೆ ಬಿಡುತ್ತದೆ. ಹಾಗಾಗಿ ಅಪಘಾತವಾದ ಅರ್ಧ ಗಂಟೆಯೊಳಗೆ ರಕ್ತ ಪರೀಕ್ಷೆ ಮಾಡಿದರೆ ಕಣಗಳ ಪ್ರಮಾಣ ಸರಿಯಾಗಿಯೇ ಕಾಣುತ್ತದೆ. ಪ್ರೋಟೀನ್ ಮಾತ್ರ ಇಳಿದಿರುತ್ತದೆ. ಹೊಸ ವೈದ್ಯರು ಮೊದಲ ಅಂಕಿಯನ್ನು ನಂಬಿ ಮೋಸ ಹೋಗುತ್ತಾರೆ. ರಕ್ತದೊತ್ತಡವೂ ಹಾಗೇ, ಕೊನೆಯವರೆಗೂ ತಾಳಿಕೊಂಡಿದ್ದು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಮೊದಲು ಸುದ್ದಿ ಹೇಳುವುದು ಮೈ ತಾನೇ ಕೈಬಿಟ್ಟ ಜಾಗಗಳು: ವಸಡು, ಕಿವಿ, ಪಾದ.

ರಕ್ತ ಹೋದಂತೆ ಒತ್ತಡ ಇಳಿಯುವುದನ್ನು ಕಣ್ಣಾರೆ ಅಳೆದು ನೋಡಿದ ಮೊದಲಿಗ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಹೆಣ್ಣುಕುದುರೆಯೊಂದನ್ನು ಕಟ್ಟಿ ಮಲಗಿಸಿ, ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ 9 ಅಡಿ ಉದ್ದದ ಗಾಜಿನ ನಳಿಗೆ ನಿಲ್ಲಿಸಿದ. ರಕ್ತ 8 ಅಡಿ 3 ಇಂಚಿನವರೆಗೆ ಏರಿತು. ಆಮೇಲೆ ಆ ಪ್ರಾಣಿಯ ರಕ್ತವನ್ನು ಅಳತೆಯಿಟ್ಟು ಹೊರಬಿಡುತ್ತ, ಪ್ರತಿ ಸಲವೂ ನಳಿಗೆಯಲ್ಲಿ ಮಟ್ಟ ಎಷ್ಟು ಇಳಿಯಿತು ಎಂದು ಬರೆದಿಟ್ಟ. ಕೊನೆಕೊನೆಗೆ ಕುದುರೆಯ ಮೈ ತಣ್ಣಗೆ ಬೆವೆತದ್ದೂ ಅವನ ಟಿಪ್ಪಣಿಯಲ್ಲಿದೆ. ಪುಸ್ತಕ ಅಚ್ಚಾದದ್ದು 1733ರಲ್ಲಿ. ಓದಿದರೆ ಹೊಟ್ಟೆ ಕಿವುಚುತ್ತದೆ. ಆದರೂ ರಕ್ತದೊತ್ತಡ ಎಂಬ ತಿಳಿವಳಿಕೆ ಮನುಷ್ಯರಿಗೆ ಸಿಕ್ಕಿದ್ದು ಆ ಕುದುರೆಯಿಂದಲೇ.

ಎಷ್ಟು ರಕ್ತ ಹೋದರೆ ಅಪಾಯ? ನಾಯಿಯ ಮೈಯಲ್ಲಿ ಕಿಲೋ ತೂಕಕ್ಕೆ ಸುಮಾರು 80–90 ಮಿಲಿಲೀಟರ್ ರಕ್ತ ಇರುತ್ತದೆ. 20 ಕಿಲೋದ ನಾಯಿಗೆ ನಂದಿನಿಯ ಅರ್ಧ ಲೀಟರ್ ಪ್ಯಾಕೆಟ್ಟುಗಳಲ್ಲಿ ಲೆಕ್ಕ ಹಾಕಿದರೆ ಮೂರೂವರೆ ಪ್ಯಾಕೆಟ್. 4 ಕಿಲೋದ ಬೆಕ್ಕಿಗೆ ಅರ್ಧ ಪ್ಯಾಕೆಟ್, ಅಷ್ಟೇ. ಬಾಲ್ಕನಿಯಿಂದ ಬಿದ್ದ ಬೆಕ್ಕಿನ ಮೂಗಿನಲ್ಲಿ ಬಂದದ್ದು ‘ಒಂದು ಚಿಕ್ಕ ಕಾಫಿ ಲೋಟದಷ್ಟು ರಕ್ತ’ ಎಂದು ಯಾರಾದರೂ ಹೇಳಿದರೆ ನನಗೆ ಎದೆ ಝಲ್ಲೆನ್ನುವುದು ಅದಕ್ಕೇ.

ಈಗ ಚಿಕಿತ್ಸೆ. ‘ಒಂದು ಗ್ಲೂಕೋಸ್ ಬಾಟಲಿ ಏರಿಸಿಬಿಡಿ ಡಾಕ್ಟ್ರೇ’ ಎಂಬ ಮಾತು ಕೇಳದ ದಿನ ನನಗಿಲ್ಲ. ಪೀಣ್ಯದ ಲೇಥ್ ಅಂಗಡಿಯವರಿಂದ ಹಿಡಿದು ಐಟಿಪಿಎಲ್‌ನ ಮ್ಯಾನೇಜರವರೆಗೆ ಎಲ್ಲರಿಗೂ ಗ್ಲೂಕೋಸ್ ಮೇಲೆ ಒಂದೇ ಭಕ್ತಿ. ಶಾಕ್‌ಗೆ ಗ್ಲೂಕೋಸ್ ನೀರು ಪ್ರಯೋಜನಕ್ಕೆ ಬರುವುದಿಲ್ಲ. ಅದರ ಸಕ್ಕರೆಯನ್ನು ಮೈ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಆ ನೀರು ನಾಳದಲ್ಲಿ ನಿಲ್ಲದೆ ಮೈತುಂಬ ಹರಡಿಹೋಗುತ್ತದೆ. ಬೇಕಾದದ್ದು ರಕ್ತದ ಉಪ್ಪಿಗೆ ಹೊಂದುವ ದ್ರವ, ರಿಂಗರ್ ಲ್ಯಾಕ್ಟೇಟ್‌ನಂಥದ್ದು. ಅದು ಕೂಡ ಒಂದು ಗಂಟೆಯೊಳಗೆ ಬಹುಪಾಲು ನಾಳದಿಂದ ಆಚೆ ಹೋಗುತ್ತದೆ, ಆದರೆ ಆ ಒಂದು ಗಂಟೆಯೇ ನಮಗೆ ಬೇಕಾದದ್ದು. ಇನ್ನು ಕೆಲವರು ರಕ್ತನಾಳ ಸಿಗಲಿಲ್ಲವೆಂದು ಬೆನ್ನಿನ ಚರ್ಮದಡಿ ದ್ರವ ತುಂಬಿ ಕಳಿಸುತ್ತಾರೆ. ಸಣ್ಣಪುಟ್ಟ ನಿರ್ಜಲೀಕರಣಕ್ಕೆ ಅದು ಸರಿ. ಶಾಕ್‌ನಲ್ಲಿ ಚರ್ಮದ ನಾಳಗಳೇ ಬಿಗಿದು ಮುಚ್ಚಿರುವಾಗ ಹೀರಿಕೊಳ್ಳುವವರು ಯಾರು? ಮಾರನೆಯ ದಿನವೂ ಆ ನೀರು ಹೊಟ್ಟೆಯಡಿ ಜೋತಾಡುತ್ತಿರುತ್ತದೆ.

ಪ್ರಮಾಣದ ಬಗ್ಗೆಯೂ ನಮ್ಮ ವೃತ್ತಿ ತಿದ್ದಿಕೊಂಡಿದೆ. ನಾವು ಓದುವಾಗ ನಾಯಿಗೆ ಕಿಲೋಗೆ 90 ಮಿಲಿಲೀಟರ್ ‘ಶಾಕ್ ಡೋಸ್’ ಎಂದು ಬಾಯಿಪಾಠ ಮಾಡಿದ್ದೆವು. ಅಂದರೆ ಹೆಚ್ಚುಕಡಿಮೆ ಮೈಯ ಇಡೀ ರಕ್ತದಷ್ಟು. ಈಗ ಕಿಲೋಗೆ 10–20 ಮಿಲಿಲೀಟರ್ ಹದಿನೈದಿಪ್ಪತ್ತು ನಿಮಿಷದಲ್ಲಿ ಕೊಟ್ಟು, ನಿಲ್ಲಿಸಿ, ಮತ್ತೆ ತುಟಿ ಎತ್ತಿ ನೋಡಿ, ನಾಡಿ ಹಿಡಿದು, ಬೇಕಿದ್ದರೆ ಮಾತ್ರ ಇನ್ನೊಂದು ಕಂತು. ಬೆಕ್ಕಿಗೆ ಇದರ ಅರ್ಧ. ಬೆಕ್ಕಿನ ರೀತಿಯೇ ಬೇರೆ: ಶಾಕ್ ಆದಾಗ ಅದರ ಹೃದಯ ಓಡುವ ಬದಲು ನಿಧಾನವಾಗುವುದೇ ಹೆಚ್ಚು, ಮೈಬಿಸಿ ಇಳಿಯುತ್ತದೆ. ಮೈ ಬೆಚ್ಚಗೆ ಮಾಡದೆ ದ್ರವ ತುಂಬಿಸಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ.

ಒಳಗೆ ರಕ್ತ ಸೋರುತ್ತಿರುವ ನಾಯಿಗಂತೂ ಒತ್ತಡವನ್ನು ಪೂರ್ತಿ ಮೊದಲಿನ ಮಟ್ಟಕ್ಕೆ ತರಲೇಬಾರದು. ಆಗಷ್ಟೇ ಕಟ್ಟುತ್ತಿರುವ ಹೆಪ್ಪು ಕೊಚ್ಚಿಹೋಗುತ್ತದೆ, ಉಳಿದ ರಕ್ತ ತೆಳ್ಳಗಾಗುತ್ತದೆ. ಸಾಯದಷ್ಟು ಕೊಟ್ಟು, ಆಮ್ಲಜನಕ ಹಿಡಿದು, ರಕ್ತಕ್ಕೆ ಓಡಾಡಬೇಕು. ಅವತ್ತು ರಾತ್ರಿ ಡೆಲಿವರಿ ಹುಡುಗ ಫೋನಿನಲ್ಲಿ ಯಾರಿಗೋ ಹೇಳಿ, ಆ ಯಾರೋ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಹನ್ನೆರಡೂವರೆಗೆ 34 ಕಿಲೋದ ಲ್ಯಾಬ್ರಡಾರ್ ಒಂದು ನೈಟ್‌ಪ್ಯಾಂಟಿನ ಯಜಮಾನರೊಂದಿಗೆ ಬಂದಿಳಿಯಿತು. ನಾಯಿಗಳಲ್ಲಿ ಮೊದಲ ಸಲ ರಕ್ತ ಕೊಡುವಾಗ ಸಾಮಾನ್ಯವಾಗಿ ತೀವ್ರ ತೊಂದರೆ ಆಗುವುದಿಲ್ಲ; ಎರಡನೇ ಸಲ ಹೊಂದಿಸಿ ನೋಡಲೇಬೇಕು. ಬೆಕ್ಕಿಗೆ ಮೊದಲ ಸಲವೂ ಗುಂಪು ನೋಡದೆ ಕೊಟ್ಟರೆ ಪ್ರಾಣವೇ ಹೋಗಬಹುದು. 2025ರಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ ಪ್ರಾಣಿಗಳ ರಕ್ತಪೂರಣ ಮತ್ತು ರಕ್ತನಿಧಿಗೆ ಮಾರ್ಗಸೂಚಿ ಹೊರಡಿಸಿದೆ. ಅದು ನೆಲಕ್ಕಿಳಿಯುವವರೆಗೆ ವಾಟ್ಸ್ಆ್ಯಪ್ ಗುಂಪೇ ನಮ್ಮ ರಕ್ತನಿಧಿ. ಮೂರು ಗಂಟೆಗೆ ವಸಡಿನಲ್ಲಿ ತೆಳು ಗುಲಾಬಿ ಕಂಡಿತು. ಬೆಳಿಗ್ಗೆ ಶಸ್ತ್ರಕ್ರಿಯೆ ಮಾಡಿ ಗುಲ್ಮ ತೆಗೆದೆವು. ನಾಯಿ ಬದುಕಿದೆ, ಟ್ಯಾಂಕರ್ ಕಂಡರೆ ಬೊಗಳುತ್ತದೆ.

ಈಗ ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಹೊಸದು, ಪೀಣ್ಯದ ಆಚೆ ಒಬ್ಬ ಅಜ್ಜಿ ಮೂರು ಸೀಮೆಹಸು ಸಾಕಿಕೊಂಡಿದ್ದರು. ಕಾರ್ಖಾನೆಗಳ ನಡುವಿನ ಖಾಲಿ ಸೈಟಿನಲ್ಲಿ ಮೇವು, ತಿಪ್ಪೆಯಲ್ಲಿ ತರಕಾರಿ ಸಿಪ್ಪೆ. ಒಂದು ಹಸು ನಾಲ್ಕು ದಿನದಿಂದ ಮೆಲುಕು ಹಾಕುತ್ತಿರಲಿಲ್ಲ. ಮುಂಗಾಲಿನ ಮೊಣಕೈ ಅಗಲಿಸಿ ನಿಂತಿತ್ತು, ಇಳಿಜಾರಿನಲ್ಲಿ ನಡೆಯಲು ಒಲ್ಲೆ ಅನ್ನುತ್ತಿತ್ತು. ಕಿವಿ ತಣ್ಣಗೆ, ನಾಡಿ ಕ್ಷೀಣ. ಶಾಕ್ ಎಂದುಕೊಂಡೆ, ಸರಿಯಾಗಿಯೇ ಅಂದುಕೊಂಡೆ. ಬಾಟಲಿಯ ಮೇಲೆ ಬಾಟಲಿ ಏರಿಸಿದೆ. ಗಂಗೆದೊಗಲು ಊದಿ ಜೋತಿದ್ದದ್ದನ್ನೂ ಕುತ್ತಿಗೆಯ ಅಭಿಧಮನಿ ಹೆಬ್ಬೆರಳು ಗಾತ್ರಕ್ಕೆ ಉಬ್ಬಿದ್ದದ್ದನ್ನೂ ಕಂಡೂ ಕಾಣದವನಾದೆ. ರಾತ್ರಿ ಉಸಿರಾಟ ಹೆಚ್ಚಾಗಿ ಬೆಳಗಿನ ಜಾವ ಹಸು ಸತ್ತಿತು.

ಕೊಯ್ದು ನೋಡಿದಾಗ ಹೃದಯದ ಸುತ್ತಲಿನ ಚೀಲದಲ್ಲಿ ನಾರುವ ಕೀವು ತುಂಬಿಕೊಂಡಿತ್ತು. ಅದರೊಳಗೆ ನಾಲ್ಕು ಇಂಚಿನ ಬೈಂಡಿಂಗ್ ವೈರು.

ಹಸುವಿನ ನಾಲಿಗೆ ನಮ್ಮಂತೆ ಕಲ್ಲು-ಕಸ ಆರಿಸಿ ಉಗುಳುವುದಿಲ್ಲ. ಸಿಕ್ಕಿದ್ದನ್ನು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಭಾರವಾದ ಕಬ್ಬಿಣ ಹೋಗಿ ಕೂರುವುದು ಜೇನುಹಟ್ಟಿಯ ಹಾಗೆ ಕಾಣುವ ಎರಡನೆಯ ಹೊಟ್ಟೆಯಲ್ಲಿ. ಅದಕ್ಕೂ ಹೃದಯಕ್ಕೂ ನಡುವೆ ಇರುವುದು ಎದೆ-ಹೊಟ್ಟೆ ಬೇರ್ಪಡಿಸುವ ಪರದೆ, ವಪೆಯೊಂದೇ, ದೂರ ಕೆಲವೇ ಇಂಚು. ಹೊಟ್ಟೆ ಪ್ರತಿ ಸಲ ಹಿಂಡಿಕೊಂಡಾಗಲೂ ತಂತಿ ಒಂದಿಷ್ಟು ಮುಂದೆ ಸರಿಯುತ್ತದೆ. ಚೀಲದಲ್ಲಿ ಕೀವು ತುಂಬಿದರೆ ಹೃದಯಕ್ಕೆ ಅರಳಲು ಜಾಗವೇ ಇಲ್ಲ. ಬಂದ ರಕ್ತ ಹಿಂದೆಯೇ ಕಟ್ಟಿಕೊಳ್ಳುತ್ತದೆ, ಕುತ್ತಿಗೆಯ ನಾಳ ಉಬ್ಬುತ್ತದೆ. ಪೈಪನ್ನು ಅಮುಕಿದ ಶಾಕ್ ಇದು. ಇಲ್ಲಿ ದ್ರವ ತುಂಬಿಸುವುದೆಂದರೆ ಕಟ್ಟಿಕೊಂಡ ಚರಂಡಿಗೆ ಇನ್ನಷ್ಟು ನೀರು ಬಿಟ್ಟಂತೆ. ಆ ಹಂತದಲ್ಲಿ ಯಾವ ಚಿಕಿತ್ಸೆಯಿಂದಲೂ ಹಸು ಉಳಿಯುವುದು ಅಪರೂಪ, ಒಪ್ಪುತ್ತೇನೆ. ಆದರೆ ಅವತ್ತು ಅದರ ಕೊನೆಯ ರಾತ್ರಿಯನ್ನು ಇನ್ನಷ್ಟು ಕಷ್ಟಕ್ಕೆ ತಳ್ಳಿದ್ದು ನನ್ನ ಬಾಟಲಿಗಳು. ಬೆರಳುದ್ದದ ಅಯಸ್ಕಾಂತವೊಂದನ್ನು ಮೊದಲೇ ನುಂಗಿಸಿದ್ದರೆ ಅದು ಜೀವನಪೂರ್ತಿ ಅದೇ ಹೊಟ್ಟೆಯಲ್ಲಿ ಕೂತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೇಥ್‌ಗಳೂ ಕಟ್ಟಡ ಕೆಲಸವೂ ಇರುವ ಕಡೆ ಹಸು ಮೇಯಿಸುವವರು ಇದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಆನೇಕಲ್ ಕಡೆಯ ಡೇರಿ ರೈತರಿಗೆ ಇನ್ನೊಂದು ಮಾತು. ಕರು ಹಾಕಿದ ಹಸು ಬೆಳಿಗ್ಗೆ ಏಳಲಿಲ್ಲ, ಕಿವಿ ತಣ್ಣಗಿದೆ ಎಂದ ಕೂಡಲೇ ಹಾಲು ಜ್ವರ ಎಂದು ಕ್ಯಾಲ್ಸಿಯಂ ಕೊಡಿಸುವುದು ರೂಢಿ. ಕೆಚ್ಚಲು ಹಿಂಡಿ ನೋಡಿ. ಹಾಲಿನ ಬದಲು ಹಳದಿ ನೀರು ಬಂದರೆ ಅದು ಕೆಚ್ಚಲು ಬಾವಿನ ನಂಜು ರಕ್ತಕ್ಕೇರಿದ ಶಾಕ್ ಆಗಿರಬಹುದು. ನಂಜೇರಿದ ಹಸುವಿಗೆ ನಾಳದಲ್ಲಿ ಕ್ಯಾಲ್ಸಿಯಂ ಬೇಗಬೇಗ ಹರಿಸಿದರೆ ಹೃದಯ ನಿಂತೇಹೋಗಬಹುದು. 400 ಕಿಲೋದ ಹಸುವಿನಲ್ಲಿ ಇಪ್ಪತ್ತು ಲೀಟರಿಗೂ ಹೆಚ್ಚು ರಕ್ತ, ಅಂದರೆ ಆಫೀಸುಗಳಲ್ಲಿ ಬೋರಲು ಹಾಕಿಟ್ಟ ನೀರಿನ ಕ್ಯಾನಿಗಿಂತ ಜಾಸ್ತಿ. ಅಷ್ಟಕ್ಕೆ ಬೇಕಾಗುವ ದ್ರವವನ್ನು ಸ್ಕೂಟರಿನಲ್ಲಿ ಹೊತ್ತು ತರಲು ಯಾವ ಡಾಕ್ಟರಿಗೆ ಆದೀತು? ಅದಕ್ಕೊಂದು ಚೆಂದದ ಉಪಾಯವಿದೆ. 7.2 ಶೇಕಡಾ ಉಪ್ಪಿನ ಗಾಢ ದ್ರಾವಣ ಎರಡು ಲೀಟರ್ ಮಾತ್ರ ನಾಳಕ್ಕೆ ಕೊಡುವುದು. ಅದು ಹಸುವಿನ ಮೈಯೊಳಗಿನ, ಹೊಟ್ಟೆಯೊಳಗಿನ ನೀರನ್ನೇ ರಕ್ತಕ್ಕೆ ಸೆಳೆದುಕೊಳ್ಳುತ್ತದೆ. ಆಮೇಲೆ ಹಸುವಿನ ಮುಂದೆ ಎರಡು ಬಕೆಟ್ ನೀರು ಇಡಬೇಕು, ಕುಡಿಯದಿದ್ದರೆ ಕೊಳವೆಯಿಂದ ಹೊಟ್ಟೆಗೆ ಹಾಕಬೇಕು. ಊರಲ್ಲಿ ಡಾಕ್ಟರು ಸಿಗದವರು 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶುವೈದ್ಯಕೀಯ ವಾಹನ ಬರುತ್ತದೆ.

ನಲ್ಲಿಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುವ ಶಾಕ್ ಈ ಎತ್ತರದ ಕಟ್ಟಡಗಳಲ್ಲಿ ಹೊಸ ರೂಪದಲ್ಲಿ ಬರುತ್ತಿದೆ. ಹೆಜ್ಜೇನಿಗೆ ಮರಕ್ಕಿಂತ ಇಪ್ಪತ್ತನೇ ಮಹಡಿಯ ಸೂರು ಇಷ್ಟವಾಗಿದೆ. ನೆಲಕ್ಕೆ ಬಿದ್ದ ಜೇನುಹುಳುವನ್ನು ನಾಯಿ ಬಾಯಿಗೆ ಹಾಕಿಕೊಂಡು ಕುಟುಕಿಸಿಕೊಳ್ಳುತ್ತದೆ, ಕೆಲವಕ್ಕೆ ಅಲರ್ಜಿ ವಿಪರೀತವಾಗುತ್ತದೆ. ಮನುಷ್ಯರಿಗಾದರೆ ಗಂಟಲು ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತದೆ. ನಾಯಿಯಲ್ಲಿ ಹೊಡೆತ ಬೀಳುವುದು ಲಿವರ್ ಮತ್ತು ಕರುಳಿಗೆ. ಕೆಲವೇ ನಿಮಿಷದಲ್ಲಿ ವಾಂತಿ, ರಕ್ತ ಬೆರೆತ ಭೇದಿ, ಕುಸಿತ. ಮನೆಯವರು ಏನೋ ತಿಂದಿದೆ ಎಂದುಕೊಂಡು ಕಾಯುತ್ತಾರೆ. ಬೇಕಾದದ್ದು ಅಡ್ರಿನಲಿನ್, ಅದೂ ತಕ್ಷಣ. ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಇನ್ನೂ ಉಳಿದಿರುವ ಪೊದೆಗಳಲ್ಲಿ ಕೊಳಕುಮಂಡಲ ಕಚ್ಚಿಸಿಕೊಂಡ ನಾಯಿಗೂ ಅಡ್ರಿನಲಿನ್ ಸಿರಿಂಜನ್ನು ಪಕ್ಕದಲ್ಲಿಟ್ಟುಕೊಂಡೇ ವಿಷನಿರೋಧಕ ಹಾಕುತ್ತೇವೆ. ಆ ಔಷಧಿ ತಯಾರಾಗುವುದು ಕುದುರೆಯ ರಕ್ತದಿಂದ, ಅದೇ ಕೆಲವು ನಾಯಿಗಳಿಗೆ ಒಗ್ಗುವುದಿಲ್ಲ.

ಅಲ್ಲಿಂದ ಪಶ್ಚಿಮಕ್ಕೆ, ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ 2023ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಹದಿನೈದು ದಿನದೊಳಗೆ ಏಳು ಚಿರತೆ ಮರಿಗಳು ಸತ್ತವು. ಲಸಿಕೆ ಹಾಕಿದ್ದರೂ ಉಳಿಯಲಿಲ್ಲ ಎಂದು ಉದ್ಯಾನದವರು ಹೇಳಿದ್ದರು. ಕಾರಣ ಬೆಕ್ಕಿನ ಜಾತಿಗೆ ಬರುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್, ನಾಯಿಮರಿಗಳ ಪಾರ್ವೋ ವೈರಸ್ಸಿನ ಹತ್ತಿರದ ನೆಂಟ. ಅದು ಕರುಳಿನ ಒಳಪದರವನ್ನು ಕಿತ್ತುಹಾಕುತ್ತದೆ, ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ವಾಂತಿ ಭೇದಿಯಿಂದ ಸಂಪ್ ಖಾಲಿಯಾಗುತ್ತಿರುವಾಗಲೇ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿ ನಲ್ಲಿಗಳನ್ನೂ ತೆರೆದುಬಿಡುತ್ತವೆ. ಎರಡು ಶಾಕ್ ಒಂದೇ ಮೈಯಲ್ಲಿ. ರಸ್ತೆಬದಿಯ ನಾಯಿಮರಿ ಪಾರ್ವೋದಿಂದ ಸಾಯುವುದೂ ಇದೇ ದಾರಿಯಲ್ಲಿ. ಅದಕ್ಕೆ ಮಾತ್ರ ಪತ್ರಿಕೆಯಲ್ಲಿ ಜಾಗ ಸಿಗುವುದಿಲ್ಲ.

ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜು ಇದೆ, ಒಳ್ಳೆಯ ಆಸ್ಪತ್ರೆ ಇದೆ. ಆದರೆ ಸಂಜೆ ಆರು ಗಂಟೆಗೆ ಹೋಪ್ ಫಾರ್ಮ್ ಸಿಗ್ನಲ್ಲಿನಿಂದ ಹೊರಟವರು ಮಾರತಹಳ್ಳಿ ದಾಟುವುದರೊಳಗೆ ನಾಯಿಯ ಸಮಯ ಮುಗಿದಿರುತ್ತದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಮೊದಲು ಸೂಜಿ ಹಾಕಿಸಿ, ಆಮೇಲೆ ದೊಡ್ಡಾಸ್ಪತ್ರೆಯ ಮಾತು. ಹೊರಡುವಾಗಲೇ ಫೋನ್ ಮಾಡಿ, ತೂಕ ಎಷ್ಟಿರಬಹುದು ಹೇಳಿ; ನೀವು ಬರುವಷ್ಟರಲ್ಲಿ ನಾವು ಬಾಟಲಿ ತೂಗುಹಾಕಿರುತ್ತೇವೆ. ಏಟು ತಿಂದ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಬೀದಿನಾಯಿಯಾದರೆ ರೇಬೀಸ್ ಭಯವೂ ಉಂಟು. ಬಾಯಿಗೆ ದುಪಟ್ಟಾ ಸುತ್ತಿ. ವಾಂತಿ ಮಾಡುತ್ತಿದ್ದರೆ, ಏದುಸಿರಿದ್ದರೆ ಸುತ್ತಬೇಡಿ. ರಟ್ಟಿನ ಮೇಲೋ ಕಾಲೊರಸಿನ ಮೇಲೋ ಎತ್ತಿ. ರಕ್ತ ಸೋರುವಲ್ಲಿ ಬಟ್ಟೆ ಒತ್ತಿ ಹಿಡಿದು ಐದು ನಿಮಿಷ ತೆಗೆದು ನೋಡದಿರಿ. ಹೊದಿಸಿ, ಆದರೆ ಬಿಸಿನೀರಿನ ಚೀಲ ಇಡಬೇಡಿ, ಬಿಗಿದ ಚರ್ಮದ ನಾಳಗಳು ಸಡಿಲಗೊಂಡು ಇದ್ದ ಒತ್ತಡವೂ ಹೋಗುತ್ತದೆ. ಬಾಯಿಗೆ ಹಾಲು, ನೀರು, ಅರಿಸಿನದ ಪಾನಕ ಯಾವುದೂ ಬೇಡ. ನಿಮ್ಮ ನೋವಿನ ಮಾತ್ರೆಯಂತೂ ಬೇಡವೇ ಬೇಡ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ.

ಇವತ್ತು ರಾತ್ರಿ ನಿಮ್ಮ ನಾಯಿ ಸುಮ್ಮನೆ ಮಲಗಿರುವಾಗ ಒಮ್ಮೆ ತುಟಿ ಎತ್ತಿ ನೋಡಿ. ಬೆರಳಿಂದ ಒತ್ತಿ ಬಿಟ್ಟರೆ ಎರಡು ಎಣಿಸುವುದರೊಳಗೆ ಗುಲಾಬಿ ಮರಳಬೇಕು. ನಮ್ಮ ನಾಟಿ ನಾಯಿಗಳಲ್ಲಿ ಎಷ್ಟೋ ಕಡೆ ವಸಡೇ ಕಪ್ಪಿರುತ್ತದೆ. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆ ಜಾರಿಸಿ ಒಳಗಿನ ಬಣ್ಣ ನೋಡಿಟ್ಟುಕೊಳ್ಳಿ.